ಬಿದಿರು ಬಲ್ಲ ಹಲ್ಲು

ಒಂಬತ್ತು ದಿನ ಬಿಡದೆ ಕಾಡಿದ ಹಲ್ಲುನೋವು ಹತ್ತನೆಯ ದಿನ ಬೆಳಿಗ್ಗೆ ತಾನಾಗಿಯೇ ನಿಂತಿತ್ತು. ಫಕೀರವ್ವ ಹಾಸಿಗೆಯ ಮೇಲೆ ಎದ್ದು ಕೂತು ಮೊದಲು ನಾಲಿಗೆಯ ತುದಿಯಿಂದ ಮುಟ್ಟಿ ನೋಡಿದಳು. ಆಮೇಲೆ ಬೆರಳಿನಿಂದ ಒತ್ತಿದಳು. ಕೊನೆಗೆ ಧೈರ್ಯ ಮಾಡಿ ಹಂಡೆಯ ತಣ್ಣೀರನ್ನು ಬಾಯಿ ತುಂಬ ಹಾಕಿಕೊಂಡು ಬಲದವಡೆಯ ಕಡೆಗೆ ಹೊರಳಿಸಿದಳು. ನಿನ್ನೆ ಇದೇ ನೀರು ಕಣ್ಣೊಳಗೆ ಕೆಂಡ ಹಾಕಿದಂತೆ ಮಾಡಿತ್ತು. ಇವತ್ತು ಏನೂ ಇಲ್ಲ.

"ನೋಡ, ಹೊಗಿ ಹಾಕಿದ್ದು ಕೆಲಸ ಮಾಡ್ತು" ಎಂದಳು ಅತ್ತೆ ಕಲ್ಲವ್ವ. ಹಿಂದಿನ ದಿನ ಆಕೆ ಕಾದ ಹಂಚಿನ ಮೇಲೆ ಗುಳ್ಳದ ಬೀಜ ಸುಟ್ಟು, ಸೊಸೆಯ ಬಾಯಿಗೆ ಹೊಗೆ ಹಿಡಿಸಿದ್ದಳು. "ಹಲ್ಲಿನ ಹುಳ ಬಿದ್ದು ಹೋತು. ಅಷ್ಟ."

ಫಕೀರವ್ವನಿಗೂ ಹಾಗೇ ಅನಿಸಿತು. ನೋವು ಹೋದದ್ದು ಹಲ್ಲಿನ ಒಳಗಿನ ತಿರುಳು ಸತ್ತುಹೋದದ್ದರಿಂದ, ರೋಗ ಹೋದದ್ದರಿಂದಲ್ಲ ಎಂಬುದನ್ನು ಆಕೆಗೆ ಹೇಳುವವರು ಆಗ ಯಾರೂ ಇರಲಿಲ್ಲ. ಹಲ್ಲಿನಲ್ಲಿ ಒಂದು ತೂತು ಮಾತ್ರ ಉಳಿದಿತ್ತು. ಉಂಡದ್ದೆಲ್ಲ ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮೇದಾರರ ಮನೆಯಲ್ಲಿ ತೂತು ಕಂಡರೆ ಏನು ಮಾಡುತ್ತಾರೋ ಅದನ್ನೇ ಆಕೆ ಮಾಡಿದಳು. ಮೆಂತ್ಯ ಮತ್ತು ಹಳೆ ಕಾಗದವನ್ನು ನೆನೆಸಿ, ಹುಣಸೆಬೀಜದ ಅಂಟು ಸೇರಿಸಿ ಅತ್ತೆ ರುಬ್ಬಿಟ್ಟಿದ್ದ ಮೆತ್ತುವ ಹಿಟ್ಟು ಪಡಸಾಲೆಯಲ್ಲಿತ್ತು. ಮೊರಕ್ಕೆ ಮೆತ್ತಿದರೆ ಮೂರು ವರ್ಷ ಒಂದು ಕಾಳೂ ಸಂದಿಯಿಂದ ಇಳಿಯದಂಥ ಹಿಟ್ಟು ಅದು. ಕಡಲೆಕಾಳಿನಷ್ಟು ತೆಗೆದುಕೊಂಡು ಹಲ್ಲಿನ ತೂತಿಗೆ ತುರುಕಿ, ಹೆಬ್ಬೆರಳಿನಿಂದ ಒತ್ತಿ, ಅರ್ಧ ಗಂಟೆ ಬಾಯಿ ತೆರೆದು ಬಿಸಿಲಿಗೆ ಮುಖವೊಡ್ಡಿ ಕೂತಳು. ಗಟ್ಟಿಯಾಗಿ ಕೂತಿತು. ಯಾರಿಗೂ ಹೇಳಲಿಲ್ಲ.

ಹೇಳದಿದ್ದುದಕ್ಕೆ ಕಾರಣವಿತ್ತು. ಅಂಗಡಿಗಳಲ್ಲಿ ಪ್ಲಾಸ್ಟಿಕ್ಕು ಪೂರ್ತಿ ನಿಂತು ಆಗಲೇ ಹದಿನೈದು ವರ್ಷವಾಗಿತ್ತು. ಹಾನಗಲ್ಲ ತಾಲ್ಲೂಕಿನ ಕಡಬಗಟ್ಟಿಯ ಮೇದಾರ ಓಣಿಗೆ ವಾರಕ್ಕೆರಡು ಸಲ ಬುಟ್ಟಿ ಒಯ್ಯುವ ಗಾಡಿ ಬರುತ್ತಿತ್ತು. ಓಣಿಯ ಕೆಲಸದಲ್ಲಿ ಸೀಳುವವರದೇ ಮೇಲುಗೈ. ಬಿದಿರಿನ ಒಂದು ಸೀಳನ್ನು ಮತ್ತೆ ಎರಡು ತೆಳು ಪದರವಾಗಿ ಬಿಡಿಸುವಾಗ, ಕತ್ತಿಯಿಂದ ತುದಿ ಬಿಡಿಸಿ, ಒಂದು ಪದರವನ್ನು ಕೋರೆಹಲ್ಲಿನ ಹಿಂದಿನ ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಕೈಯಲ್ಲಿ ಎಳೆಯಬೇಕು. ಎಳೆಯುವಾಗ ಪದರ ಒಂದು ಕಡೆ ದಪ್ಪಕ್ಕೆ ಹೋಗತೊಡಗಿದರೆ ಕಣ್ಣಿಗೆ ಕಾಣುವ ಮೊದಲೇ ಹಲ್ಲಿಗೆ ತಿಳಿಯುತ್ತದೆ. ಆಗ ಕೈ ಸಡಿಲಿಸಿದರೆ ಸೀಳು ಮತ್ತೆ ಹದಕ್ಕೆ ಬರುತ್ತದೆ. ಯಂತ್ರಗಳು ಬಂದು ನೋಡಿ ಹೋಗಿದ್ದವು. ಪ್ರತಿ ಗಣ್ಣಿಗೂ ಬೇರೆ ಬುದ್ಧಿ ಇರುವ ಬಿದಿರು ಅವಕ್ಕೆ ಬಗ್ಗಿರಲಿಲ್ಲ. ಕಡಬಗಟ್ಟಿಯಲ್ಲಿ ಫಕೀರವ್ವನಷ್ಟು ತೆಳುವಾಗಿ ಸೀಳುವವರು ಇನ್ನೊಬ್ಬರಿರಲಿಲ್ಲ.

ಆದರೆ ಓಣಿಯಲ್ಲಿ ಒಂದು ಕಟ್ಟಳೆಯಿತ್ತು. ಆ ಹಲ್ಲು ಹೋದವರು ಸೀಳುವ ಕಟ್ಟೆಯಿಂದ ಎದ್ದು ಮೆತ್ತುವ ಕಟ್ಟೆಗೆ ಹೋಗಿ ಕೂರಬೇಕು. ಕಲ್ಲವ್ವ ಐವತ್ತೆರಡಕ್ಕೆ ಎದ್ದು ಹೋದವಳು. ಫಕೀರವ್ವನಿಗೆ ಈಗ ನಲವತ್ಮೂರು, ತೂತು ಬಿದ್ದದ್ದು ಅದೇ ಹಲ್ಲಿಗೆ.

ಈ ಕಾಲದಲ್ಲಿ ಹಲ್ಲು ಹೋಗುವುದು ಯಾರಿಗೂ ದೊಡ್ಡ ಮಾತಲ್ಲ. ಕೀಳಿಸಿ 'ಗಟ್ಟಿಹಲ್ಲು' ಕೂಡಿಸಿಕೊಂಡರೆ ಮುಗಿಯಿತು. ಎಲುಬಿಗೇ ಬೆಸೆದುಕೊಳ್ಳುವ, ಎಂದೂ ಕೊಳೆಯದ, ಕಬ್ಬಿಣದ ಕಡಲೆಯನ್ನೂ ಅಗಿಯುವ ಹಲ್ಲು. ಊರಲ್ಲಿ ಅರ್ಧ ಮಂದಿಯ ಬಾಯಲ್ಲಿ ಒಂದೆರಡು ಇದ್ದೇ ಇದ್ದವು. ಆದರೆ ಓಣಿಯಲ್ಲಿ ಅದನ್ನು ಹಾಕಿಸಿಕೊಂಡು ಸೀಳಲು ಕೂತ ಇಬ್ಬರೂ ಒಂದು ತಿಂಗಳೊಳಗೆ ಮೆತ್ತುವ ಕಟ್ಟೆ ಸೇರಿದ್ದರು. ಕಲ್ಲು ಕಚ್ಚಿದಂಗ ಆಕ್ಕೈತಿ, ಬಿದಿರು ಏನೂ ಹೇಳೂದಿಲ್ಲ ಅನ್ನುತ್ತಿದ್ದರು.

ಇನ್ನು ಬೇರು ತೊಳೆಸುವ ಹಳೆಯ ಚಿಕಿತ್ಸೆ. ಅದನ್ನು ಮಾಡಿಸಿಕೊಂಡರೆ ಹಲ್ಲು ಹೆಣವಾಗುತ್ತದೆ, ನರ ತೆಗೆದ ಮೇಲೆ ಅದಕ್ಕೆ ಏನು ತಿಳಿದೀತು ಎಂದು ಓಣಿಯವರೆಲ್ಲ ನಂಬಿದ್ದರು. ಮಾಡಿಸಿಕೊಂಡವರು ಮಾತ್ರ ಒಬ್ಬರೂ ಇರಲಿಲ್ಲ.

ಹಿಟ್ಟು ಮೆತ್ತಿದ ನಾಲ್ಕನೆಯ ದಿನ ಕೆನ್ನೆ ಬಾತಿತು. ಐದನೆಯ ದಿನ ಬಲಗಣ್ಣು ಸಣ್ಣದಾಯಿತು. ಹಲ್ಲು ಎದೆಬಡಿತದ ಜೊತೆಗೆ ತಾನೂ ಬಡಿದುಕೊಳ್ಳತೊಡಗಿತು. ಕೆಳಗಿನ ಹಲ್ಲು ತಾಗಿದರೆ ಜೀವ ಹೋದಂತಾಗುತ್ತಿತ್ತು. ಗಂಡ ದ್ಯಾಮಣ್ಣ ಆಕೆಯ ಮುಖ ನೋಡಿ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟ.

"ಏಳ. ಕಿತ್ತಿಸಿ ಗಟ್ಟಿಹಲ್ಲು ಹಾಕಿಸ್ಕೊಂಡು ಬರೂಣು."

"ಕಿತ್ತಿಸಿ ನಾ ಏನ್ ಮಾಡ್ಲಿ? ನಿಮ್ಮವ್ವನ ಬಾಜೂಕ ಕುಂತು ಮೆತ್ತಲೇನು?"

"ಮೆತ್ತಿದ್ರ ಏನಾತು?" ಎಂದಳು ಕಲ್ಲವ್ವ. "ನಾ ಮೆತ್ತಿದ್ದಕ್ಕ ನಿನ್ನ ಬುಟ್ಟ್ಯಾಗ ಹಿಟ್ಟು ನಿಲ್ಲತೈತಿ. ಮಾರಿ ನೋಡ್ಕೊ ಮೊದಲ, ಕುಂಬಳಕಾಯಿ ಆಗೇತಿ. ನಡಿ, ನಾನೂ ಬರ್ತೀನಿ."

ಹಲ್ಲಿನ ಕೇಂದ್ರವಿದ್ದುದು ಹಳೆಯ ರೇಷನ್ ಡಿಪೋದಲ್ಲಿ. ಗೋಡೆಗೆ ಸುಣ್ಣ ಬಳಿದು, ಒಂದು ಕುರ್ಚಿ, ಎರಡು ಪರದೆ, ಒಂದು ಯಂತ್ರ ಇಟ್ಟಿದ್ದರು. ಡಾಕ್ಟರು ಅಲ್ಲಿರುವುದಿಲ್ಲ, ಧಾರವಾಡದ ಒಂದು ಕೋಣೆಯಲ್ಲಿ ಕೂತು ಯಂತ್ರದ ಮೂಲಕ ಕೈಯಾಡಿಸುತ್ತಾರೆ. ಇಲ್ಲಿ ಇರುವವಳು ನರ್ಸ್ ಸಲೀಮಾ, ಇದೇ ಊರಿನ ಪಿಂಜಾರ ಓಣಿಯವಳು.

"ಅಕ್ಕಾರ, ಎಷ್ಟು ದಿನ ಆತು ಇದು?" ಎಂದು ಸಲೀಮಾ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಕಣ್ಣು ಮುಚ್ಚೂತನ ಕಾಯಬೇಕಂತ ಮಾಡಿದ್ರೇನು?"

ಹಲ್ಲಿನ ಚಿತ್ರ ತೆಗೆದಳು. ಒಂದು ಪರದೆಯ ಮೇಲೆ ಧಾರವಾಡದ ಡಾಕ್ಟರು ಮಾಲಿನಿ ಗಾಂವಕರ ಕಾಣಿಸಿದರು: ಮೂವತ್ತೈದರ ಹೆಂಗಸು, ಕನ್ನಡಕ, ಮೇಜಿನ ಮೇಲೆ ಅರ್ಧ ಕುಡಿದ ಚಹಾ. ಇನ್ನೊಂದು ಪರದೆಯ ಮೇಲೆ ಫಕೀರವ್ವನ ಹಲ್ಲು, ಬೇರಿನ ತುದಿಯಲ್ಲಿ ಒಂದು ಕಪ್ಪು ಮೋಡ.

"ಅದು ಕೀವು" ಎಂದರು ಮಾಲಿನಿ. "ಹಲ್ಲಿನ ನಡುವೆ ಬೇರಿನ ತನಕ ಸಣ್ಣ ನಾಳ ಇರ್ತದೆ, ನಿಮ್ಮ ಹಲ್ಲಿಗೆ ಎರಡು. ಅದರೊಳಗಿನ ತಿರುಳು ಕೊಳೆತಿದೆ. ಎರಡು ದಾರಿ ಇವೆ. ಹಲ್ಲು ಕಿತ್ತು ಗಟ್ಟಿಹಲ್ಲು ಹಾಕೋದು. ಹೆಚ್ಚಿನವರು ಅದನ್ನೇ ಕೇಳ್ತಾರೆ. ಇಲ್ಲಾಂದ್ರೆ ನಾಳ ತೊಳೆದು, ಒಣಗಿಸಿ, ಮುಚ್ಚಿ, ನಿಮ್ಮ ಹಲ್ಲನ್ನೇ ಉಳಿಸೋದು."

"ಕಿತ್ತಬಿಡ್ರಿ" ಎಂದ ದ್ಯಾಮಣ್ಣ.

ಫಕೀರವ್ವ ಬಾತ ಬಾಯಿಯನ್ನು ಕಷ್ಟದಿಂದ ತೆರೆದಳು. "ತೊಳದ ಹಲ್ಲಿಗೆ ಬಿದಿರು ತಿಳಿತೈತೇನ್ರಿ?"

ಮಾಲಿನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಕಲ್ಲವ್ವ ಮುಂದೆ ಬಂದು, ಪರದೆಯ ಎದುರು ನಿಂತು, ಇಲ್ಲದ ಸೀಳೊಂದನ್ನು ಇಲ್ಲದ ಹಲ್ಲಿನಿಂದ ಕಚ್ಚಿ ಎಳೆದು ತೋರಿಸಿದಳು. ಡಾಕ್ಟರು ಕನ್ನಡಕ ತೆಗೆದಿಟ್ಟು ನೋಡಿದರು. ಇನ್ನೊಂದು ಸಲ ತೋರಿಸಲು ಹೇಳಿದರು.

"ತಿಳೀತದೆ" ಎಂದರು ಕೊನೆಗೆ. "ತಂಪು, ಬಿಸಿ, ನೋವು, ಇವನ್ನು ಹೇಳೋದು ಒಳಗಿನ ತಿರುಳು. ಅದು ಹೋಗ್ತದೆ, ಈಗಾಗಲೇ ಹೋಗಿದೆ. ಆದರೆ ಎಷ್ಟು ಭಾರ ಬಿತ್ತು, ಯಾವ ಕಡೆ ಎಳೀತು, ಅದನ್ನು ಹೇಳೋದು ಬೇರಿನ ಹೊರಗೆ ಸುತ್ತಿಕೊಂಡ ನಾರಿನ ಪದರ. ಹಲ್ಲು ಎಲುಬಿನೊಳಗೆ ಅದರ ಮೇಲೆ ಕೂತಿರ್ತದೆ, ತೊಟ್ಟಿಲಲ್ಲಿ ಕೂತ ಹಾಗೆ. ಕಿತ್ತರೆ ಆ ಪದರವೂ ಹೋಯ್ತು. ಗಟ್ಟಿಹಲ್ಲಿಗೆ ಅದಿಲ್ಲ."

ಸಮಾಧಾನಕ್ಕೆ ಹೇಳುತ್ತಿದ್ದಾರೆ ಅನಿಸಿತು ಫಕೀರವ್ವನಿಗೆ. ನರ ತೆಗೆದರೂ ತಿಳಿಯುತ್ತದೆಯಂತೆ. ಆದರೆ ಕಿತ್ತ ಮೇಲೆ ತಿಳಿಯುವುದಿಲ್ಲ ಎಂಬುದನ್ನಂತೂ ಆಕೆ ಕಣ್ಣಾರೆ ಕಂಡಿದ್ದಳು. "ತೊಳೀರಿ" ಎಂದಳು.

ವಸಡಿಗೆ ಚುಚ್ಚಿದ ಸೂಜಿ ಗೊತ್ತೇ ಆಗಲಿಲ್ಲ. ಸಲೀಮಾ ಹಲ್ಲಿನ ಸುತ್ತ ರಬ್ಬರಿನ ಹಾಳೆ ಹೊದಿಸಿ, ಅದೊಂದೇ ಹಲ್ಲು ಹೊರಗೆ ಇಣುಕುವಂತೆ ಮಾಡಿದಳು. ಕೆನ್ನೆಯ ಮೇಲೆ ಒಂದು ಉಂಗುರ ಇಟ್ಟಳು. ಆಮೇಲೆ ಗಾಜಿನ ಬಟ್ಟಲಿನಿಂದ ಚಿಮಟಿಗೆಯಲ್ಲಿ ಏನನ್ನೋ ಎತ್ತಿದಳು. ಕೂದಲಿನಷ್ಟು ತೆಳ್ಳಗೆ, ಅಕ್ಕಿಕಾಳಿನಷ್ಟು ಉದ್ದ. ಅದು ಮೆಲ್ಲಗೆ ಹೊರಳಾಡುತ್ತಿತ್ತು.

"ಅದೇನ ತಂಗಿ?" ಎಂದಳು ಕಲ್ಲವ್ವ.

"ಇದನ್ನ ಹುಳ ಅಂತೀವಿ ಆಯಿ. ರಬ್ಬರಿಂದು. ತುದ್ಯಾಗ ಬ್ರಷ್ಷು, ದೀಪ, ಕ್ಯಾಮೆರಾ ಐತಿ. ಈ ಉಂಗುರದ ಅಯಸ್ಕಾಂತ ಎಳದಂಗ ನಾಳದಾಗ ತಿರಗತೈತಿ. ಡಾಕ್ಟರು ಅಲ್ಲಿಂದ ನಡಸ್ತಾರ."

"ಹಲ್ಲಿನ ಹುಳಾ ತಗ್ಯೂದು ನಾ ನಲವತ್ತು ವರ್ಷ ಮಾಡೀನಿ. ಬಿಡೂದು ಇವತ್ತ ನೋಡಿದ್ನೆವಾ" ಎಂದು ಕಲ್ಲವ್ವ ಸೊಸೆಯ ಕಾಲ ಬಳಿ ಸ್ಟೂಲು ಎಳೆದುಕೊಂಡು ಕೂತಳು.

ಆಮೇಲೆ ಧಾರವಾಡದ ಕೋಣೆಯಲ್ಲಿ ನಡೆದದ್ದನ್ನು ಮಾಲಿನಿಯವರೇ ಮುಂದೊಂದು ದಿನ ಫಕೀರವ್ವನಿಗೆ ಹೇಳಿದರು. ಅವರ ಎದುರಿನ ಯಂತ್ರದ ನೆನಪಿನಲ್ಲಿ ಲೋಕದಲ್ಲಿ ಹಲ್ಲಿಗೆ ತುಂಬುವ ನಾನೂರು ಬಗೆಯ ಪದಾರ್ಥಗಳಿದ್ದವು. ಹುಳ ತೂತಿನ ಬಾಯಿಗೆ ಬಂದು ಬೆಳಕು ಬಿಟ್ಟಾಗ ಅಲ್ಲಿ ಹಳದಿಬೂದು ಬಣ್ಣದ ನುಣ್ಣನೆಯ ಮುಚ್ಚಳ ಕಂಡಿತು. ಬ್ರಷ್ಷು ಅದರ ಮೇಲೆ ಜಾರಿತು. ಯಂತ್ರ ಹುಡುಕಿ ಹುಡುಕಿ 'ತಿಳಿದಿಲ್ಲ' ಎಂದಿತು. ಕೊರೆಯೋಣವೆಂದರೆ, ಕೆಳಗೆ ಒತ್ತಡದಲ್ಲಿದ್ದ ಕೀವು. ಈ ಮುಚ್ಚಳ ಎಷ್ಟು ಆಳವಿದೆ, ಚೂರಾದರೆ ನಾಳದೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೋ, ಒಂದೂ ಗೊತ್ತಿಲ್ಲ. ಮಾಲಿನಿ ಪಕ್ಕದ ಮೇಜಿನ ಡಾಕ್ಟರನ್ನು ಕರೆದು ತೋರಿಸಿದರು. ಆತನೂ ಗೊತ್ತಿಲ್ಲವೆಂದು ತಲೆಯಾಡಿಸಿದ.

"ಫಕೀರವ್ವ, ಈ ಹಲ್ಲಿಗೆ ಮೊದಲು ಯಾರು ಸಿಮೆಂಟು ತುಂಬಿದ್ದು? ಯಾವ ಡಾಕ್ಟರು?"

ಫಕೀರವ್ವನ ಕಿವಿ ಬಿಸಿಯಾಯಿತು. ಬಾಯಲ್ಲಿ ರಬ್ಬರಿತ್ತು, ಉತ್ತರಿಸದೆ ಇರಬಹುದಿತ್ತು. ಪರದೆಯ ಮೇಲೆ ತನ್ನ ಹಲ್ಲಿನ ಒಳಗೆ ಆ ಮೆತ್ತಿಗೆ ಹೊಳೆಯುತ್ತಿದ್ದುದನ್ನು ಆಕೆ ನೋಡಿದಳು. ಒಳ್ಳೆಯ ಕೆಲಸವೇ ಆಗಿತ್ತು, ಒಂದು ಬಿರುಕೂ ಇರಲಿಲ್ಲ. ಎಡಗೈ ಎತ್ತಿದಳು. ಸಲೀಮಾ ಹಾಳೆ ಸಡಿಲಿಸಿದಳು.

"ಯಾವ ಡಾಕ್ಟರೂ ಅಲ್ರಿ. ನಾನ. ಬುಟ್ಟಿಗೆ ಮೆತ್ತೂ ಹಿಟ್ಟು ಅದು."

"ಅಯ್ಯ ನಿನ್ನ" ಎಂದಳು ಕಲ್ಲವ್ವ. "ನಾ ರುಬ್ಬಿದ್ದು? ಅದಕ ಮೊನ್ನಿ ಗಡಿಗ್ಯಾಗ ಬೆರಳಿನ ಗುರುತು ಇತ್ತು."

ಸಲೀಮಾ ನಗು ತಡೆಯಲು ಗೋಡೆಯ ಕಡೆ ತಿರುಗಿದಳು. ಮಾಲಿನಿ ನಗಲಿಲ್ಲ. "ಅದರಲ್ಲಿ ಏನೇನಿದೆ?" ಎಂದು ಕೇಳಿ, ಮೆಂತ್ಯ, ಕಾಗದ, ಹುಣಸೆಬೀಜ ಎಂದು ಬರೆದುಕೊಂಡರು. "ಕೀವು ತಾನಾಗಿ ಹೊರಗೆ ಬರೋ ದಾರಿ ಅದೊಂದೇ ಇತ್ತು, ಅದನ್ನ ಮುಚ್ಚಿಬಿಟ್ಟಿದ್ದೀರಿ. ಅದಕ್ಕೇ ಬಾತದ್ದು. ಈಗ ಇದನ್ನ ತೆಗೆಯೋದು ಹೇಗೆ?"

"ಹಳೀ ಮೊರದ್ದು ಹೆಂಗ ತಗೀತೀವೋ ಹಂಗ" ಎಂದಳು ಫಕೀರವ್ವ. "ಕೊರದ್ರ ಪುಡಿಪುಡಿ ಆಕ್ಕೈತ್ರಿ, ಸಂದ್ಯಾಗ ಹೊಕ್ಕಂಡು ಬಿಡತೈತಿ. ಉಗುರು ಬೆಚ್ಚಗಿನ ನೀರು ಬಿಡಬೇಕು, ಒಂದು ಚಿಟಿಕಿ ಉಪ್ಪು. ಎಲಿ ಅಡಿಕಿ ಹಾಕ್ಕೊಳ್ಳೂ ಹೊತ್ತು ಸುಮ್ನಿರಬೇಕು. ಅಂಚಿಂದ ಬಿಡತೈತಿ, ನಡಕ ಕೈ ಹಚ್ಚಬಾರದು. ಇಡಿಯಾಗಿ ಬರತೈತಿ."

ಮಾಲಿನಿ ಪಕ್ಕದ ಮೇಜಿನ ಡಾಕ್ಟರ ಮುಖ ನೋಡಿದರು. ಆಮೇಲೆ ಸಲೀಮಾಗೆ ಹೇಳಿದರು: "ಬೆಚ್ಚಗಿನ ಉಪ್ಪುನೀರು ಬಿಡು."

ಕಾದರು. ಪರದೆಯ ಮೇಲೆ ಮುಚ್ಚಳದ ಅಂಚು ಮೊದಲು ಮಸುಕಾಯಿತು, ಆಮೇಲೆ ಉಬ್ಬಿತು. ಹುಳ ಅಂಚಿನ ಗುಂಟ ಒಂದು ಸುತ್ತು ಹೋಗಿ ಬಂತು, ಬುಟ್ಟಿಯ ಬಾಯಿಕಟ್ಟಿನ ಸುತ್ತ ಬೆರಳು ಆಡಿಸಿದ ಹಾಗೆ. ಎರಡನೆಯ ಸುತ್ತಿಗೆ ಮೆತ್ತಿಗೆ ಇಡಿಯಾಗಿ ಎದ್ದು ತೇಲಿತು. ಅದರ ಹಿಂದೆಯೇ ಕೀವು ಬಂತು.

ಆ ಕ್ಷಣವನ್ನು ಫಕೀರವ್ವ ಆಮೇಲೆ ಎಷ್ಟೋ ಸಲ ಹೇಳಲು ನೋಡಿದಳು, ಸರಿಯಾಗಿ ಹೇಳಲು ಬರಲಿಲ್ಲ. ಎರಡು ದಿನದಿಂದ ತಲೆಯೊಳಗೆ ಯಾರೋ ಹಗ್ಗ ಬಿಗಿಯುತ್ತಿದ್ದವರು ಒಮ್ಮೆಲೇ ಬಿಟ್ಟುಬಿಟ್ಟ ಹಾಗೆ. ಭುಜ ಇಳಿಯಿತು. ಕಾಲಬೆರಳುಗಳು ಬಿಚ್ಚಿಕೊಂಡವು, ಅವು ಮುದುಡಿಕೊಂಡಿದ್ದವೆಂದೇ ಆಕೆಗೆ ಗೊತ್ತಿರಲಿಲ್ಲ. ಅತ್ತೆಯ ಕೈ ತನ್ನ ಪಾದದ ಮೇಲಿರುವುದೂ ಆಗಲೇ ಗೊತ್ತಾದದ್ದು.

ಮುಂದಿನ ಮುಕ್ಕಾಲು ಗಂಟೆ ಹುಳ ಎರಡೂ ನಾಳಗಳಲ್ಲಿ ಏರಿತು, ಇಳಿಯಿತು. ಫಕೀರವ್ವ ಪರದೆ ನೋಡುತ್ತ ಮಲಗಿದ್ದಳು. ಒಳಗಿನ ನಾಳ ಥೇಟ್ ಎಳೆ ಬಿದಿರಿನ ಪೊಳ್ಳಿನಂತಿತ್ತು, ಬೆಳ್ಳಗೆ, ತುದಿಗೆ ಹೋದಂತೆ ಸಪೂರ, ಒಂದು ಕಡೆ ಸ್ವಲ್ಪ ಬಾಗು. ಹುಳ ತಿಕ್ಕಿದಲ್ಲೆಲ್ಲ ಕಪ್ಪು ಸಿಪ್ಪೆ ಎದ್ದು ಬರುತ್ತಿತ್ತು, ಔಷಧದ ನೀರು ಕೊಚ್ಚಿಕೊಂಡು ಹೋಗುತ್ತಿತ್ತು.

"ಇವತ್ತು ಪೂರ್ತಿ ಮುಚ್ಚೋದಿಲ್ಲ" ಎಂದರು ಮಾಲಿನಿ. "ಒಳಗೆ ಔಷಧ ಇಟ್ಟು ಮೇಲೆ ಸಣ್ಣ ಬಿರಡೆ ಹಾಕ್ತೇವೆ. ಹತ್ತು ದಿನ ಬಿಟ್ಟು ನೋಡಿ, ಒಣಗಿದ್ದರೆ ಮಾತ್ರ ಮುಚ್ಚೋದು."

"ಹಸಿ ಬುಟ್ಟಿಗೆ ನಾವೂ ಮೆತ್ತೂದಿಲ್ರಿ. ಒಳಗೊಳಗ ಬೂಸ್ಟು ಹಿಡಿತೈತಿ."

"ಮತ್ತೆ ಹಲ್ಲಿಗೆ ಯಾಕೆ ಮೆತ್ತಿದ್ರಿ?"

ಫಕೀರವ್ವ ಮತ್ತೆ ಪರದೆಯ ಕಡೆ ನೋಡಿದಳು. "ಅದರಾಗ ಇಷ್ಟು ಒಳಗ ಐತಿ ಅಂತ ಯಾರಿಗೆ ಗೊತ್ತಿತ್ರಿ" ಎಂದಳು.

ಹತ್ತು ದಿನ ಆ ಹಲ್ಲಿನಿಂದ ಏನನ್ನೂ ಕಚ್ಚಬಾರದೆಂದು ಹೇಳಿದ್ದರು. ಬಾವು ಎರಡು ದಿನದಲ್ಲಿ ಇಳಿಯಿತು, ಫಕೀರವ್ವ ಎರಡು ವಾರದ ನಿದ್ದೆಯನ್ನು ಒಟ್ಟಿಗೆ ಮಾಡಿದಳು. ಮೂರನೆಯ ದಿನದಿಂದ ಮೆತ್ತುವ ಕಟ್ಟೆಗೆ ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು. ಮೆತ್ತುವುದು ಬೇಸರದ ಕೆಲಸವಲ್ಲ. ಬಿಸಿಲು ಹಿತವಾಗಿರುತ್ತದೆ, ಮಾತು ಹರಿಯುತ್ತದೆ. ಆದರೆ ಎದುರಿನ ಕಟ್ಟೆಯಲ್ಲಿ ದ್ಯಾಮಣ್ಣ ಸೀಳು ಎಳೆಯುವ ಸದ್ದು ಬಂದಾಗಲೆಲ್ಲ ಆಕೆಯ ಬೆರಳು ನಿಲ್ಲುತ್ತಿತ್ತು.

"ದಪ್ಪಕ್ಕ ಹೊಂಟೈತಿ" ಎನ್ನುತ್ತಿದ್ದಳು ಮೆಲ್ಲಗೆ.

ಮರುಕ್ಷಣ ಚಟಕ್ಕೆಂದು ಸೀಳು ಮುರಿಯುತ್ತಿತ್ತು.

"ಅಲ್ಲಿ ಕುಂತು ಕೇಳಿ ಹೇಳೂಕಿಂತ ಬಂದು ಸೀಳ" ಎನ್ನುತ್ತಿದ್ದ ದ್ಯಾಮಣ್ಣ, ಸಿಟ್ಟಿನಿಂದಲ್ಲ. ತಾನು ಕಿತ್ತಿಸು ಎಂದದ್ದು ತಪ್ಪೋ ಸರಿಯೋ ಎಂದು ಅವನಿಗೂ ಇನ್ನೂ ತಿಳಿದಿರಲಿಲ್ಲ.

ಒಂದು ದಿನ ಆಕೆ ಯಾರೂ ಇಲ್ಲದಾಗ ತಣ್ಣೀರು ತೆಗೆದು ಹಲ್ಲಿನ ಮೇಲೆ ಹಿಡಿದಳು. ಏನೂ ಇಲ್ಲ. ಬಿಸಿ ಚಹಾ ಹಿಡಿದಳು. ಏನೂ ಇಲ್ಲ. ಪಕ್ಕದ ಹಲ್ಲು ಜುಂ ಎಂದಿತು, ಇದು ಸುಮ್ಮನಿತ್ತು. ಹೆಣ ಎಂದು ಓಣಿಯವರು ಹೇಳುವುದು ಇದಕ್ಕೇ. ಕಚ್ಚಿ ನೋಡಿಬಿಡಲೇ ಎಂದು ಒಂದು ತೆಳು ಸೀಳನ್ನು ಬಾಯಿಯ ತನಕ ತಂದವಳು ಡಾಕ್ಟರ ಮಾತು ನೆನಪಾಗಿ ಕೆಳಗಿಟ್ಟಳು. ನೆನಪಾದದ್ದು ಮಾತ್ರವಲ್ಲ, ಹೆದರಿಕೆಯೂ ಆಗಿತ್ತು. ಕಚ್ಚಿ ಏನೂ ತಿಳಿಯದೆ ಹೋದರೆ?

ಹನ್ನೊಂದನೆಯ ದಿನ ಮತ್ತೆ ಹಳೆಯ ಡಿಪೋಗೆ ಹೋದರು. ಹುಳ ಒಳಗೆ ಹೋಗಿ ಬಂತು. ಕಪ್ಪು ಮೋಡ ಅರ್ಧಕ್ಕೆ ಕರಗಿತ್ತು, ನಾಳ ಒಣಗಿತ್ತು. ಮಾಲಿನಿ ಒಂದು ಬಗೆಯ ಮೆತ್ತನೆಯ ಅಂಟನ್ನು ತುದಿಯ ತನಕ ತುಂಬಿ ಮುಚ್ಚಿದರು. ಮೇಲೆ ಹಾಕುವ ಟೊಪ್ಪಿಗೆಯನ್ನು ಕೇಂದ್ರದ ಯಂತ್ರವೇ ಅಳತೆ ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಮಾಡಿಕೊಟ್ಟಿತು. ಸಲೀಮಾ ಅದನ್ನು ಕೂಡಿಸಿ, "ಹಲ್ಲು ಕೂಡಸ್ರಿ ಅಕ್ಕಾರ" ಎಂದಳು.

ಫಕೀರವ್ವ ಬಾಯಿ ಮುಚ್ಚಿದಳು. ಮತ್ತೆ ತೆರೆದು ಮತ್ತೆ ಮುಚ್ಚಿದಳು.

"ಎತ್ತರ ಆಗೇತ್ರಿ."

"ಅಳತೆ ಸರಿ ಇದೆ" ಎಂದರು ಮಾಲಿನಿ, ಎದುರಿನ ಅಂಕಿ ನೋಡುತ್ತ. "ಹೊಸದರಲ್ಲಿ ಎಲ್ಲರಿಗೂ ಹಾಗೇ ಅನ್ನಿಸ್ತದೆ. ಎರಡು ದಿನ ಬಿಟ್ಟರೆ ಹೊಂದಿಕೊಳ್ತದೆ."

"ಹೊಂದೂದಿಲ್ರಿ. ಒಳಗಿನ ಮಗ್ಗಲಿಗೆ, ಹಿಂದಿನ ಮೂಲಿಗೆ. ಅಲ್ಲಷ್ಟ."

"ಸುಮ್ನ ಮನಿಗೆ ನಡಿ" ಎಂದ ದ್ಯಾಮಣ್ಣ. "ಯಂತ್ರಕ್ಕಿಂತ ಹೆಚ್ಚಿನಾಕಿ."

"ನೀವು ಸುಮ್ನಿರ್ರಿ. ಎತ್ತರ ಐತಿ ಅಂದ್ರ ಐತಿ."

ಮಾಲಿನಿ ನಿಟ್ಟುಸಿರು ಬಿಟ್ಟು, ಗುರುತು ಬೀಳುವ ನೀಲಿ ಕಾಗದ ಇಡಲು ಹೇಳಿದರು. ಸಲೀಮಾ ಇಟ್ಟು, ಕಚ್ಚಿಸಿ, ಕ್ಯಾಮೆರಾ ಹಿಡಿದಳು. ಒಳಮಗ್ಗುಲಿನ ಹಿಂದಿನ ಮೂಲೆಯಲ್ಲಿ ಸಾಸಿವೆಯ ಕಾಲುಭಾಗದಷ್ಟು ನೀಲಿ ಚುಕ್ಕೆಯಿತ್ತು. ಮಾಲಿನಿ ಅದನ್ನು ದೊಡ್ಡದು ಮಾಡಿ ಅಳೆದರು. ಕೂದಲಿನ ದಪ್ಪದ ಮೂರನೆಯ ಒಂದು ಭಾಗದಷ್ಟು ಎತ್ತರ. ಯಂತ್ರ ಅಷ್ಟನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

"ಇದೆ" ಎಂದರು. ಸಲೀಮಾ ಉಜ್ಜಿ ತೆಗೆದಳು. ಮಾಲಿನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಫಕೀರವ್ವ, ಇಷ್ಟು ಸಣ್ಣದು ನಿಮಗೆ ಹೇಗೆ ಗೊತ್ತಾಯ್ತು?"

"ಹೆಂಗಂದ್ರ? ಹಲ್ಲಿಗೆ ಗೊತ್ತಾತ್ರಿ."

"ಯಾವ ಹಲ್ಲಿಗೆ?"

ಫಕೀರವ್ವ ಮೆಲ್ಲಗೆ ಬಾಯಿ ಮುಚ್ಚಿ ಹಲ್ಲಿಗೆ ಹಲ್ಲು ತಾಗಿಸಿದಳು. ಎತ್ತರ ಹೋಗಿತ್ತು. ಹೋದದ್ದೂ ಆ ಹಲ್ಲಿಗೇ ತಿಳಿಯುತ್ತಿತ್ತು. ದ್ಯಾಮಣ್ಣ ಹೆಂಡತಿಯ ಮುಖವನ್ನೂ ಪರದೆಯನ್ನೂ ನೋಡಿದ.

"ಸಲೀಮಾ, ಆ ಕಾಗದ ಕೊಡು" ಎಂದಳು ಫಕೀರವ್ವ. "ನಾ ಕಣ್ಣು ಮುಚ್ಚಕೊಂತೀನಿ. ಎಷ್ಟು ಹಾಳಿ ಇಡ್ತಿ ಅಂತ ಹೇಳಬ್ಯಾಡ."

ಸಲೀಮಾ ಒಂದು ಹಾಳೆ ಇಟ್ಟಳು. ಫಕೀರವ್ವ ಕಚ್ಚಿ ಒಂದು ಬೆರಳು ಎತ್ತಿದಳು. ಎರಡು ಇಟ್ಟಳು, ಎರಡು ಬೆರಳು. ಆಮೇಲೆ ಸಲೀಮಾ ಡಾಕ್ಟರ ಕಡೆ ನೋಡಿ, ಏನನ್ನೂ ಇಡದೆ ಚಿಮಟಿಗೆ ಮಾತ್ರ ಆಡಿಸಿದಳು.

"ಆಟಾ ಆಡ್ತೀಯೇನ" ಎಂದಳು ಫಕೀರವ್ವ ಕಣ್ಣು ಮುಚ್ಚಿಕೊಂಡೇ. "ಏನೂ ಇಲ್ಲ ಅಲ್ಲಿ."

ಧಾರವಾಡದ ಕೋಣೆಯಲ್ಲಿ ಯಾರೋ ನಕ್ಕದ್ದು ಕೇಳಿತು. ಕಲ್ಲವ್ವ ಎದ್ದು ಸೀರೆಯ ಹಿಂದಿನ ಧೂಳು ಕೊಡವಿಕೊಂಡಳು. "ಬರ್ತೀವ್ರಿ ಡಾಕ್ಟರ. ಮೆತ್ತಾಕ ನನಗ ಬ್ಯಾರೆ ಯಾರನ್ನಾರ ಹುಡಿಕ್ಕೋಬೇಕಾತು. ಹತ್ತು ದಿನದಾಗ ಕೈ ಚಲೋ ಕುಂತಿತ್ತು ಈಕಿದು."

ಮನೆಗೆ ಬಂದು ಫಕೀರವ್ವ ಕೈಕಾಲು ತೊಳೆದು ಸೀಳುವ ಕಟ್ಟೆಯ ಮೇಲೆ ಕೂತಳು. ದ್ಯಾಮಣ್ಣ ಹೇಳದೆಯೇ ಹಸಿರು ಬಿದಿರಿನ ಒಂದು ಉದ್ದನೆಯ ಸೀಳು ತಂದು ಪಕ್ಕಕ್ಕಿಟ್ಟು ತಾನು ಸರಿದು ಕೂತ. ಆಕೆ ಕತ್ತಿಯಿಂದ ತುದಿ ಬಿಡಿಸಿ, ಒಂದು ಪದರ ಹಲ್ಲಿಗೆ ಕೊಟ್ಟು, ಎಳೆದಳು. ಮೊದಲ ಗಣ್ಣು ದಾಟುವಾಗ ಬಿದಿರು ಒಳಕ್ಕೆ ವಾಲಿತು. ಆಕೆಯ ಕೈ ತಾನಾಗಿ ಸಡಿಲಿತು. ಸೀಳು ಹದಕ್ಕೆ ಬಂತು. ಎರಡನೆಯ ಗಣ್ಣು, ಮೂರನೆಯ ಗಣ್ಣು. ಪದರ ತುದಿಯ ತನಕ ಒಂದೇ ದಪ್ಪದಲ್ಲಿ ಬಿಟ್ಟುಕೊಂಡು ಆಕೆಯ ಮಡಿಲಿಗೆ ಬಿತ್ತು.

ದ್ಯಾಮಣ್ಣ ಅದನ್ನೆತ್ತಿ ಬೆಳಕಿಗೆ ಹಿಡಿದ. ಆಚೆ ಬದಿಯ ಅವನ ಬೆರಳು ಪದರದೊಳಗಿಂದ ಮಸುಕಾಗಿ ಕಂಡಿತು. ಏನೋ ಹೇಳಬೇಕೆಂದು ಅವನು ಹೆಂಡತಿಯ ಕಡೆ ತಿರುಗಿದ. ಆಕೆ ಆಗಲೇ ಇನ್ನೊಂದು ಸೀಳು ಕಚ್ಚಿದ್ದಳು.